ಯಜಮಾನರ ಸಹಿ

ಬನ್ನಂಜೆ, ಉಡುಪಿ
8 ಸೆಪ್ಟೆಂಬರ್ 1982

ಪ್ರೀತಿಯ ಮಗಳು ಹಲೀಮಾಳಿಗೆ ಉಮ್ಮನ ಸಲಾಮು. ನಾನು ಕ್ಷೇಮ. ಬಹರೈನಿನಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಕಾಗದ ತಡವಾಯಿತೆಂದು ಬೈಯಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ ಇದು, ಒಂದು ಪುಟ ತುಂಬುವಷ್ಟರಲ್ಲಿ ಒಲೆಯ ಮೇಲಿನ ಗಂಜಿ ಎರಡು ಸಲ ಉಕ್ಕುತ್ತದೆ.

ಮೇಲಿನ ನಾಲ್ಕು ಕೋಣೆಯೂ ಭರ್ತಿ ಉಂಟು. ಎಲ್ಲರೂ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದವರ ಕಡೆಯವರು. ನನ್ನ ಕ್ರಮ ನಿನಗೆ ಗೊತ್ತುಂಟಲ್ಲ. ಹೆಂಗಸರು ಜೊತೆಗಿದ್ದರೆ ಮಾತ್ರ ಕೋಣೆ, ಬಂದವರು ಉಂಡು ಕೈ ತೊಳೆಯುವವರೆಗೆ ಹೆಸರು ಊರು ಕೇಳುವುದಿಲ್ಲ. ಕೇಳಿದರೂ ನನಗೆ ನೆನಪು ನಿಲ್ಲುವುದಿಲ್ಲ. ಕಿಡ್ನಿಯವರು, ಹೆರಿಗೆಯವರು, ಕಾಲು ಮುರಿದವರು ಎಂದೇ ಕರೆಯುವುದು. ಮೂಲೆಯ ಕೋಣೆಯಲ್ಲಿ ಕಾರ್ಕಳದ ಆಂಜೆಲಾಬಾಯಿ ಬಂದು ತಿಂಗಳಾಯಿತು, ಗಂಡನಿಗೆ ಹೊಟ್ಟೆಯ ಆಪರೇಶನ್. ನಿನ್ನೆ ನನ್ನ ಅಡಿಗೆಮನೆಯಲ್ಲಿ ಕೂತು ತಮ್ಮ ಮನೆಯ ಹಂದಿಮಾಂಸದ ಸಾರಿನ ಮಾತೆತ್ತಿ, ಆಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸದವಳ ಹಾಗೆ ಅಕ್ಕಿ ಆರಿಸಿದೆ.

ವಿಷಯಕ್ಕೆ ಬರುತ್ತೇನೆ. ಸೋಮವಾರ ಹೆಲ್ತ್ ಇನ್‌ಸ್ಪೆಕ್ಟರ್ ಶೇಖರ ಎಂಬವರು ಬಂದು ನೋಟೀಸು ಕೊಟ್ಟು ಹೋದರು. ದಿನಬಾಡಿಗೆಗೆ ಕೋಣೆ ಕೊಡುವವರೆಲ್ಲ ಇನ್ನು ಲೈಸನ್ಸು ಮಾಡಿಸಬೇಕಂತೆ. ದೊಡ್ಡ ಲಾಡ್ಜಾಗಲಿ, ನನ್ನಂಥವಳ ನಾಲ್ಕು ಕೋಣೆಯಾಗಲಿ, ಕಾನೂನು ಒಂದೇ. ಗೋಡೆಗೆ ಸುಣ್ಣ, ಹತ್ತು ಜನಕ್ಕೊಂದು ಕಕ್ಕಸು, ಹೊರಗೊಂದು ಬೋರ್ಡು, ಒಳಗೊಂದು ರಿಜಿಸ್ಟರು. ರಿಜಿಸ್ಟರಿನಲ್ಲಿ ಬಂದವರ ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದರು, ಯಾವ ಉದ್ದೇಶಕ್ಕೆ ಬಂದರು ಎಲ್ಲ ಬರೆಯಬೇಕು. ಸರಿ, ಬರೆಯುವ. ಆಗದ್ದು ಒಂದೇ. ಅರ್ಜಿಯನ್ನು ಮನೆಯ ಯಜಮಾನರೇ ಹಾಕಬೇಕು, ಇಲ್ಲವಾದರೆ ಯಜಮಾನರ ಒಪ್ಪಿಗೆ ಸಹಿ ಬೇಕು. ಮನೆಯ ಖಾತೆ ಇರುವುದು ನಿನ್ನ ಬಾಪನ ಹೆಸರಲ್ಲಿ.

ಯಜಮಾನರು ಎಲ್ಲಿದ್ದಾರೆ ಎಂದು ಶೇಖರ ಕೇಳಿದರು. ಗಲ್ಫಿನಲ್ಲಿ ಎಂದೆ. ವಿಳಾಸ ಕೊಡಿ, ನಾವೇ ಬರೆದು ಕೇಳುತ್ತೇವೆ ಎಂದರು. ಪಕ್ಕದ ಪುಷ್ಪಾವತಿ ಮೀನಿನ ಬುಟ್ಟಿ ಇಳಿಸಿಕೊಂಡು ಅಲ್ಲೇ ಕೂತಿದ್ದಳು, ಅವಳ ಬಾಯಿಗೆ ಬೀಗ ಉಂಟಾ? ಹೋಗಿ ಒಂಬತ್ತು ವರ್ಷ, ಕಾಗದ ನಿಂತು ಎಂಟು ವರ್ಷ ಎಂದು ಎಲ್ಲ ಹೇಳಿಬಿಟ್ಟಳು.

ಡಿಸೆಂಬರ್ ಮುಗಿಯುವುದರೊಳಗೆ ಅರ್ಜಿ ಹೋಗದಿದ್ದರೆ ಕೋಣೆಗಳಿಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ನನಗೆ ಕಾಪುವಿನ ಪುತ್ತುಬ್ಬನ ಮನೆಯೇ ಗತಿ. ತಮ್ಮ ಒಳ್ಳೆಯವನೇ, ಅನ್ನ ಹಾಕುತ್ತಾನೆ. ಆದರೆ ತಮ್ಮನ ಹೆಂಡತಿಯ ಅಡಿಗೆಮನೆಯಲ್ಲಿ ಉಪ್ಪು ಎಲ್ಲಿ ಉಂಟು ಎಂದು ಕೇಳಿಕೊಂಡು ಬದುಕಲಿಕ್ಕೆ ನನ್ನಿಂದ ಆಗದು, ಹಲೀಮಾ.

ನೀನು ಅಲ್ಲಿ ವಿಚಾರಿಸು. ಅವರು ಹತ್ತಿದ ಲಾಂಚು ಬಹರೈನಿಗೇ ಹೋದದ್ದು ಎಂದು ಮೊದಲ ಕಾಗದದಲ್ಲಿ ಬರೆದಿದ್ದರು. ಜೀವದಿಂದಿದ್ದರೆ ಒಂದು ಸಹಿ ಸಾಕು. ಬರಬೇಕೆಂದು ಹೇಳುವುದಿಲ್ಲ, ಯಾಕೆ ಬರೆಯಲಿಲ್ಲ ಎಂದು ಕೇಳುವುದೂ ಇಲ್ಲ.

ನಿನ್ನ ಉಮ್ಮ
ಸಫಿಯಮ್ಮ

* * *

ಮನಾಮ, ಬಹರೈನ್
1 ಅಕ್ಟೋಬರ್ 1982

ಪ್ರೀತಿಯ ಉಮ್ಮನಿಗೆ ಸಲಾಮು.

ನಿಮ್ಮ ಕಾಗದ ಹದಿನಾರು ದಿನಕ್ಕೆ ಸಿಕ್ಕಿತು. ನಿಮ್ಮ ಅಳಿಯನ ಕೋಲ್ಡ್ ಸ್ಟೋರಿಗೆ ಶುಕ್ರವಾರ ನಮ್ಮೂರ ಕಡೆಯವರೆಲ್ಲ ಸಾಮಾನಿಗೆ ಬರುತ್ತಾರೆ. ಒಬ್ಬೊಬ್ಬರನ್ನೂ ಕೇಳುತ್ತಿದ್ದೇವೆ. ಬನ್ನಂಜೆಯ ಮೂಸಾ ಎಂದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಇಲ್ಲಿ ಮೂಸಾ ಎಂಬವರು ಗಲ್ಲಿಗೆ ಇಬ್ಬರಿದ್ದಾರೆ, ಒಬ್ಬರೂ ನಮ್ಮವರಲ್ಲ.

ಬಾಪ ಹೋಗುವಾಗ ನನಗೆ ಹನ್ನೊಂದು ವರ್ಷ. ಮುಖ ನೆನಪಿದೆಯೇ ಎಂದು ನಿಮ್ಮ ಅಳಿಯ ಕೇಳಿದರು. ಹೌದು ಎಂದೆ, ಆದರೆ ನಿಜವಾಗಿ ನೆನಪಿರುವುದು ಗಾಳದ ಮುಳ್ಳು ಸಿಕ್ಕಿ ಹರಿದಿದ್ದ ಎಡಗಿವಿ ಮಾತ್ರ. ಹಾಗಾಗಿ ಈಗ ಅಂಗಡಿಗೆ ಬಂದವರ ಕಿವಿ ನೋಡುವುದೇ ನನ್ನ ಕೆಲಸ. ಗಿರಾಕಿಗಳು ಏನೆಂದುಕೊಳ್ಳುತ್ತಾರೋ.

ನೀವು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ರಿಜಿಸ್ಟರಿನ ಕೆಲಸ ಹೇಗಾಗುತ್ತಿದೆ? ಬಂದ ಉದ್ದೇಶ ಎಂಬಲ್ಲಿ ನೀವು ಏನು ಬರೆಯುತ್ತೀರಿ ಎಂದು ನೆನೆದು ನನಗೆ ನಗು ಬರುತ್ತದೆ.

ನಿಮ್ಮ ಮಗಳು
ಹಲೀಮಾ

* * *

ಬನ್ನಂಜೆ
5 ನವೆಂಬರ್ 1982

ಹಲೀಮಾಳಿಗೆ ಉಮ್ಮನ ಸಲಾಮು.

ಬಂದ ಉದ್ದೇಶ ಎಂಬಲ್ಲಿ ಎಲ್ಲರಿಗೂ ‘ಕಾಯುವುದು’ ಎಂದು ಬರೆದಿದ್ದೆ. ಶೇಖರ ಬಂದು ನೋಡಿ ಕೆಂಪು ಶಾಯಿಯಲ್ಲಿ ಹೊಡೆದು ‘ಚಿಕಿತ್ಸೆಯ ನಿಮಿತ್ತ’ ಎಂದು ತಿದ್ದಿದರು. ಚಿಕಿತ್ಸೆ ಆಸ್ಪತ್ರೆಯಲ್ಲಿ ಮಲಗಿದವರಿಗೆ, ಇಲ್ಲಿ ಇರುವವರು ಕಾಯುವುದೇ ಅಲ್ವಾ ಎಂದು ಬಾಗಿಲ ಮರೆಯಿಂದ ಕೇಳಿದೆ. ಅವರಿಗೂ ನಗು ಬಂತು. ಕೆಟ್ಟ ಮನುಷ್ಯರಲ್ಲ.

ಆಂಜೆಲಾಬಾಯಿಯ ಗಂಡ ತೀರಿಕೊಂಡರು. ಅವರು ಇಲ್ಲಿಂದ ಹೊರಡುವಾಗ ನನ್ನನ್ನು ತಬ್ಬಿಕೊಂಡು, ನಿಮ್ಮದು ಇನ್ನೂ ಕಷ್ಟ ಸಫಿಯಮ್ಮ, ನನಗಾದರೆ ಮುಗಿಯಿತು ಎಂದರು. ಗಂಡ ಸತ್ತವಳು ನನಗೆ ಸಮಾಧಾನ ಹೇಳಿ ಬಸ್ಸು ಹತ್ತಿದಳು.

ತಾಲೂಕು ಕಚೇರಿಯ ಎದುರು ಟೈಪ್ ಮೆಶಿನು ಇಟ್ಟುಕೊಂಡು ಅರ್ಜಿ ಬರೆಯುವ ದೇಜಪ್ಪ ಎಂಬವರ ಬಳಿಗೆ ಪುತ್ತುಬ್ಬ ನನ್ನನ್ನು ಕರೆದುಕೊಂಡು ಹೋದ. ಅವರು ಎಲ್ಲ ಕೇಳಿ ಹೇಳಿದರು, ಏಳು ವರ್ಷ ಒಬ್ಬನ ಸುದ್ದಿಯೇ ಇಲ್ಲದಿದ್ದರೆ ಅವನು ಸತ್ತ ಹಾಗೆಯೇ ಕಾನೂನಿಗೆ ಲೆಕ್ಕ. ಹೆಂಡತಿಯೂ ಮಗಳೂ ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿ ಕೊಟ್ಟರೆ ಖಾತೆ ನನ್ನ ಹೆಸರಿಗಾಗುತ್ತದೆ, ಲೈಸನ್ಸಿಗೂ ನಾನೇ ಅರ್ಜಿ ಹಾಕಬಹುದು. ಅಷ್ಟು ಸುಲಭವಾಗಿ ಹೇಳಿದರು ಮಗಳೇ, ಗಡಿಯಾರಕ್ಕೆ ಕೀಲಿ ಕೊಡಲಿಕ್ಕೆ ಹೇಳಿದ ಹಾಗೆ. ನಾನು ಎದ್ದು ಮನೆಗೆ ಬಂದೆ. ಮರುದಿನ ಪುನಃ ಹೋದೆ, ಎಂತ ಮಾಡುವುದು.

ನೀನು ಸಹಿ ಮಾಡಬೇಕಾದ ಕಾಗದ ಇದರ ಜೊತೆಗೆ ಉಂಟು. ಅಲ್ಲಿಯ ಎಂಬೆಸಿಯಲ್ಲಿ ಮೊಹರು ಹಾಕಿಸಬೇಕಂತೆ. ಒಪ್ಪಿಗೆಯ ಕಾಗದವನ್ನೂ ಇಟ್ಟಿದ್ದೇನೆ. ಸರಿಯಾಗಿ ಕೇಳು, ಮೊದಲು ವಿಚಾರಿಸು. ಅವರು ಸಿಕ್ಕಿದರೆ ಒಪ್ಪಿಗೆಗೆ ಸಹಿ ಹಾಕಿಸಿ ಪ್ರಮಾಣದ ಕಾಗದ ಹರಿದುಹಾಕು. ಎಲ್ಲಿಯೂ ಇಲ್ಲವೆಂದು ನಿನಗೆ ಖಾತ್ರಿಯಾದರೆ ಮಾತ್ರ ಪ್ರಮಾಣಕ್ಕೆ ಸಹಿ ಹಾಕು. ನೀನು ಹಾಕಿದರೆ ನಾನೂ ಹಾಕುತ್ತೇನೆ. ನಿನ್ನ ಮೇಲೆ ಭಾರ ಹೊರಿಸುತ್ತಿದ್ದೇನೆಂದು ಗೊತ್ತುಂಟು.

ನಿನ್ನ ಉಮ್ಮ
ಸಫಿಯಮ್ಮ

* * *

ಮನಾಮ
3 ಡಿಸೆಂಬರ್ 1982

ಬಾಪನಿಗೆ,

ಮುಹರ್ರಕ್‌ನ ನಿಮ್ಮ ಇಸ್ತ್ರಿ ಅಂಗಡಿಯಲ್ಲಿ ನಿನ್ನೆ ನಾನೂ ನನ್ನ ಗಂಡನೂ ನಿಂತಿದ್ದಾಗ, ನಿಮಗೆ ಆಳು ತಪ್ಪಿದೆ ಎಂದಿರಿ. ಎರಡು ವಾರದ ಹಿಂದೆ ನಮ್ಮ ಕೋಲ್ಡ್ ಸ್ಟೋರಿಗೆ ನೀಲಿಪುಡಿ ಕೊಳ್ಳಲು ಬಂದವರು ನೀವೇ. ನಾನು ನಿಮ್ಮ ಎಡಗಿವಿ ನೋಡಿ, ಬನ್ನಂಜೆಯ ಸಫಿಯಮ್ಮನ ಮಗಳು ನಾನು ಎಂದೆ. ನೀವು ಸಾಮಾನು ಅಲ್ಲೇ ಬಿಟ್ಟು ಹೊರಟುಹೋದಿರಿ. ಆಳು ತಪ್ಪಿದ್ದರೆ ಯಾರೂ ಹಾಗೆ ಹೋಗುವುದಿಲ್ಲ. ನೀಲಿಪುಡಿಯ ಜಾಡು ಹಿಡಿದು ಇಸ್ತ್ರಿ ಅಂಗಡಿಗಳನ್ನೆಲ್ಲ ಕೇಳಿಕೊಂಡು ನಿಮ್ಮಲ್ಲಿಗೆ ಬಂದೆವು.

ನಿಮ್ಮ ಅಂಗಡಿಯ ಬೋರ್ಡಿನಲ್ಲಿ ಕುಂಞಿ ಮೊಹಮ್ಮದ್ ಎಂದಿದೆ. ಮೇಲಿನ ಮನೆಯಿಂದ ಇಬ್ಬರು ಮಕ್ಕಳು ಇಳಿದು ಬಂದು ನಿಮ್ಮನ್ನು ಬಾಪ ಎಂದು ಕರೆದರು. ಚಿಕ್ಕವಳಿಗೆ ನನ್ನದೇ ಮೂಗು. ನಾನು ಅದರ ಬಗ್ಗೆ ಜಗಳಕ್ಕೆ ಬರುವುದಿಲ್ಲ.

ಉಮ್ಮ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಾರೆ. ಅದಕ್ಕೆ ಲೈಸನ್ಸು ಬೇಕು, ಲೈಸನ್ಸಿಗೆ ಮನೆಯ ಯಜಮಾನರ ಸಹಿ ಬೇಕು. ಕಾಗದ ಇದರೊಳಗಿದೆ. ಮೂಸಾ ಎಂದು ಒಂದು ಸಹಿ ಹಾಕಿ ಕೊಡಿ. ಇಲ್ಲವಾದರೆ ನೀವು ಸತ್ತಿದ್ದೀರಿ ಎಂದು ನಾನು ಎಂಬೆಸಿಯಲ್ಲಿ ಪ್ರಮಾಣ ಮಾಡಬೇಕು. ನನ್ನಿಂದ ಅದನ್ನು ಮಾಡಿಸಬೇಡಿ.

ಹಲೀಮಾ

* * *

ಮುಹರ್ರಕ್
10 ಡಿಸೆಂಬರ್ 1982

ಹಲೀಮಾ,

ನಿನ್ನ ಕಾಗದ ನಾಲ್ಕು ದಿನ ಇಸ್ತ್ರಿಯ ಬಟ್ಟೆಗಳ ಕೆಳಗಿತ್ತು. ಆಳು ತಪ್ಪಿಲ್ಲ.

ಲಾಂಚಿನಿಂದ ಇಳಿದಾಗ ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಒಂದು ಕೋಣೆಯಲ್ಲಿ ಆರು ಜನ ಅಡಗಿಕೊಂಡಿದ್ದೆವು. ಅವರಲ್ಲಿ ಮಟ್ಟುವಿನ ಕುಂಞಿ ಮೊಹಮ್ಮದ್ ಎಂಬವನೊಬ್ಬನಿಗೆ ಮಾತ್ರ ಪಾಸ್‌ಪೋರ್ಟೂ ಕೆಲಸದ ಪರವಾನಗಿಯೂ ಇತ್ತು. 1974ರ ನವೆಂಬರಿನಲ್ಲಿ ಅವನಿಗೆ ಜ್ವರ ಬಂತು, ಒಂಬತ್ತು ದಿನ ಮಲಗಿದ. ಕೊನೆಗೆ ಬಾಯಿಗೆ ನೀರು ಬಿಟ್ಟವನು ನಾನು. ದಫನ ಮಾಡುವಲ್ಲಿ ಸತ್ತವನ ಹೆಸರು ಕೇಳಿದರು. ಮೂಸಾ, ಉಡುಪಿ ಎಂದು ನಾನೇ ಬರೆಸಿದೆ. ಅವನ ಪಾಸ್‌ಪೋರ್ಟು ಇಟ್ಟುಕೊಂಡು ಗಡ್ಡ ಬಿಟ್ಟೆ. ಆ ದಿನದಿಂದ ಕುಂಞಿ ಮೊಹಮ್ಮದ್ ನಾನು.

ಮಟ್ಟುವಿನಲ್ಲಿ ಅವನಿಗೆ ಮುದಿ ತಾಯಿ ಇದ್ದರು. ಅವರು ತೀರಿಕೊಳ್ಳುವವರೆಗೆ ಎರಡು ವರ್ಷ ಮಗನ ಹೆಸರಲ್ಲಿ ಕಾಗದ ಹಾಕಿದೆ. ನಿನ್ನ ಉಮ್ಮನಿಗೆ ಹಾಕಲಿಲ್ಲ. ಸತ್ತವನು ಹೇಗೆ ಹಾಕುವುದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಇಲ್ಲಿ ಮದುವೆಯಾಯಿತು. ಈ ಹೆಂಗಸಿಗೂ ಮಕ್ಕಳಿಗೂ ನಾನು ಬೇರೆಯವನೆಂದು ಗೊತ್ತಿಲ್ಲ.

ಸಹಿ ಹಾಕಿದರೆ ಮೂಸಾ ಬದುಕಿದ್ದಾನೆ ಎಂದಾಗುತ್ತದೆ. ಹಾಗಾದರೆ ಇಷ್ಟು ವರ್ಷ ಇಲ್ಲಿದ್ದವನು ಯಾರು ಎಂದು ಕೇಳುತ್ತಾರೆ. ನನ್ನನ್ನು ಜೈಲಿಗೆ ಹಾಕಲಿ, ಈ ಮಕ್ಕಳು ಯಾರ ಮಕ್ಕಳಾಗುತ್ತಾರೆ? ನಾನು ಸತ್ತೆನೆಂದೇ ಬರೆದುಕೊಡು. ಸಫಿಯಾ ಗಟ್ಟಿ ಹೆಂಗಸು, ತಡೆದುಕೊಳ್ಳುತ್ತಾಳೆ.

ನಿನ್ನ ಒಪ್ಪಿಗೆಯ ಕಾಗದ ಖಾಲಿಯಾಗಿಯೇ ವಾಪಸು ಕಳುಹಿಸಿದ್ದೇನೆ. ಇದನ್ನು ಓದಿ ಸುಟ್ಟುಬಿಡು. ಯಾವ ಹೆಸರು ಹಾಕಬೇಕೆಂದು ತಿಳಿಯದೆ ಇದಕ್ಕೂ ಸಹಿ ಹಾಕಲಿಲ್ಲ.

* * *

ಮನಾಮ
17 ಡಿಸೆಂಬರ್ 1982

ಪ್ರೀತಿಯ ಉಮ್ಮನಿಗೆ ಸಲಾಮು.

ಎಲ್ಲ ಕಡೆ ಕೇಳಿದೆವು. ಸುದ್ದಿಯಿಲ್ಲ. ಪ್ರಮಾಣದ ಕಾಗದಕ್ಕೆ ಸಹಿ ಹಾಕಿ ಎಂಬೆಸಿಯಲ್ಲಿ ಮೊಹರು ಮಾಡಿಸಿದ್ದೇನೆ. ಊರಿಗೆ ಹೊರಟ ಒಬ್ಬರ ಕೈಯಲ್ಲಿ ಕಳುಹಿಸುತ್ತಿದ್ದೇನೆ, ಅರ್ಜಿಯ ದಿನ ತಪ್ಪಬಾರದು.

ನೀವೂ ಸಹಿ ಹಾಕಿ. ಯೋಚನೆ ಮಾಡಬೇಡಿ. ಹೆಚ್ಚು ಬರೆಯಲು ಆಗುತ್ತಿಲ್ಲ, ಸ್ವಲ್ಪ ಶೀತವಾಗಿದೆ.

ನಿಮ್ಮ
ಹಲೀಮಾ

* * *

ಬನ್ನಂಜೆ
21 ಜನವರಿ 1983

ಹಲೀಮಾಳಿಗೆ ಉಮ್ಮನ ಸಲಾಮು. ನಿನ್ನ ಶೀತ ಗುಣವಾಯಿತೇ?

ಡಿಸೆಂಬರ್ ಕೊನೆಗೆ ಅರ್ಜಿ ಕೊಟ್ಟೆವು. ಜನವರಿ ಹತ್ತಕ್ಕೆ ಪ್ರಮಾಣ ಮಾಡಿದೆ. ಮದುವೆಯಾದಂದಿನಿಂದ ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ನಿನಗೆ ಗೊತ್ತುಂಟು. ನೋಟರಿಯವರು ಗಂಡನ ಹೆಸರು ಹೇಳಿ ಎಂದರು. ನಾನು ಪುತ್ತುಬ್ಬನ ಮುಖ ನೋಡಿದೆ. ನೀವೇ ಹೇಳಬೇಕು, ಪ್ರಮಾಣ ನಿಮ್ಮದು ಎಂದರು. ಹೇಳಿದೆ. ಮೊದಲ ಸಲ ಆ ಹೆಸರು ಹೇಳಿದ್ದು ಅವರು ಸತ್ತರೆಂದು ತಿಳಿಸಲಿಕ್ಕೆ.

ಈಗ ತಾತ್ಕಾಲಿಕ ಪರವಾನಗಿ ಕೊಟ್ಟಿದ್ದಾರೆ. ಒಂದು ತಪಾಸಣೆ ಆಗಬೇಕು, ಆಮೇಲೆ ಪಕ್ಕಾ ಲೈಸನ್ಸು.

ಇನ್ನೊಂದು ವಿಷಯ. ಪ್ರಮಾಣ ಮಾಡಿ ಬಂದ ಸಂಜೆಯೇ ಪುತ್ತುಬ್ಬ ಮಸೀದಿಯ ಖತೀಬರನ್ನು ಕೇಳಿಬಂದ. ಅವರು ಹೇಳಿದರಂತೆ, ಗಂಡ ಸತ್ತನೆಂದು ದೇವರನ್ನು ಮುಂದಿಟ್ಟು ಬರೆದುಕೊಟ್ಟ ಮೇಲೆ ಇದ್ದತ್ ಕೂರಬೇಕು. ಕಚೇರಿಗೆ ಸತ್ತವನು ಮನೆಗೆ ಬದುಕಿರುವುದು ಎಂದಿಲ್ಲ. ಚಂದ್ರನ ಲೆಕ್ಕದಲ್ಲಿ ನಾಲ್ಕು ತಿಂಗಳು ಹತ್ತು ದಿನ. ಮಾತು ಸರಿಯೇ ಅಲ್ವಾ? ಅಂದಿನಿಂದ ಬಿಳಿ ಬಟ್ಟೆ ಉಟ್ಟು ಒಳಕೋಣೆಯಲ್ಲಿ ಕೂತಿದ್ದೇನೆ. ಪರಗಂಡಸರ ಎದುರು ಬರುವಂತಿಲ್ಲ. ಮೊದಲು ಬಾಗಿಲ ಮರೆಯಿಂದಾದರೂ ಮಾತಾಡುತ್ತಿದ್ದೆ, ಈಗ ಅದೂ ಇಲ್ಲ. ಪುಷ್ಪಾವತಿ ಮೀನು ಮಾರಿ ಬಂದು ಕೈ ತೊಳೆದು ಜಗಲಿಯಲ್ಲಿ ರಿಜಿಸ್ಟರು ಹಿಡಿದು ಕೂರುತ್ತಾಳೆ. ಅವಳ ಅಕ್ಷರ ಕಂಡರೆ ಶೇಖರ ಕೆಂಪು ಶಾಯಿಯ ಬಾಟಲಿಯನ್ನೇ ಮಗುಚಬೇಕು.

ಮೊದಲ ಮೂರು ದಿನ ತುಂಬಾ ಅತ್ತೆ. ಎಂಟು ವರ್ಷದ್ದು ಒಟ್ಟಿಗೆ ಬಂತು.

ನಿನ್ನ ಉಮ್ಮ
ಸಫಿಯಮ್ಮ

* * *

ಮನಾಮ
12 ಫೆಬ್ರವರಿ 1983

ಪ್ರೀತಿಯ ಉಮ್ಮ,

ಇದ್ದತ್ ಯಾಕೆ ಕೂತಿರಿ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ದಯವಿಟ್ಟು ಎದ್ದುಬಿಡಿ.

ಇಲ್ಲಿ ಈಗ ಒಬ್ಬರು ಸಿಕ್ಕಿದರು. ಬಾಪ 1974ರ ನವೆಂಬರಿನಲ್ಲೇ ಜ್ವರದಿಂದ ತೀರಿಕೊಂಡರು ಎಂದು ಅವರು ಹೇಳಿದರು. ಹಾಗಾದರೆ ಇದ್ದತ್ತಿನ ಕಾಲ ಎಂಟು ವರ್ಷದ ಹಿಂದೆಯೇ ಕಳೆದುಹೋಗಿದೆ. ಸುದ್ದಿ ತಡವಾಗಿ ಬಂದರೆ ಪುನಃ ಕೂರಬೇಕಾಗಿಲ್ಲ ಎಂದು ಇಲ್ಲಿಯ ಮೌಲವಿಗಳು ಹೇಳುತ್ತಾರೆ. ಖತೀಬರಿಗೆ ಇದನ್ನು ತೋರಿಸಿ ಎದ್ದು ಹೊರಗೆ ಬನ್ನಿ. ತಪಾಸಣೆಯ ದಿನ ನೀವು ಎದುರಿಗಿರಬೇಕು, ಉಮ್ಮ. ಇಷ್ಟೆಲ್ಲ ಮಾಡಿದ್ದು ಅದಕ್ಕೇ ಅಲ್ಲವೇ?

ನಿಮ್ಮ
ಹಲೀಮಾ

* * *

ಬನ್ನಂಜೆ
20 ಏಪ್ರಿಲ್ 1983

ಹಲೀಮಾಳಿಗೆ ಉಮ್ಮನ ಸಲಾಮು.

ನಿನ್ನ ಕಾಗದ ಖತೀಬರಿಗೆ ತೋರಿಸಿದೆವು. ಹೇಳಿದವರು ಯಾರು, ಕಣ್ಣಾರೆ ಕಂಡವರು ಇಬ್ಬರಿದ್ದಾರೆಯೇ ಎಂದು ಕೇಳಿದರು. ಹೆಸರನ್ನೇ ನೀನು ಬರೆದಿಲ್ಲ. ಡಿಸೆಂಬರಿನಲ್ಲಿ ಸುದ್ದಿಯಿಲ್ಲ ಎಂದು ಪ್ರಮಾಣ ಮಾಡಿದವಳು ಫೆಬ್ರವರಿಯಲ್ಲಿ ಸುದ್ದಿ ಉಂಟು ಎನ್ನುತ್ತೀ. ನನ್ನ ಮೇಲಿನ ಕನಿಕರಕ್ಕೆ ಬರೆದದ್ದೆಂದು ನನಗೆ ತಿಳಿಯದೇ? ಹೆತ್ತವಳು ನಾನು. ನಿನಗೆ ಸುಳ್ಳು ಹೇಳಲಿಕ್ಕೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ತಪಾಸಣೆಯ ಕಥೆ ಕೇಳು. ಮಾರ್ಚಿನಲ್ಲಿ ಶೇಖರ ಬಂದರು. ಲೈಸನ್ಸುದಾರರು ಖುದ್ದಾಗಿ ಹಾಜರಿದ್ದು ಕೋಣೆ ತೋರಿಸಿ ಅಧಿಕಾರಿಯ ಎದುರೇ ಸಹಿ ಹಾಕಬೇಕೆಂದು ನಿಯಮ. ಪುಷ್ಪಾವತಿ ಸಂಗತಿ ತಿಳಿಸಿದಳು. ಆ ಮನುಷ್ಯ ಮರ್ಯಾದಸ್ಥರು, ಫಾರಮನ್ನು ಅವಳ ಕೈಯಲ್ಲಿ ಒಳಗೆ ಕಳುಹಿಸಿ ಸಹಿ ತರಿಸಿಕೊಂಡರು. ಮೇಲಿನವರು ಅದನ್ನು ವಾಪಸು ಕಳುಹಿಸಿದರು. ಒಳಗೆ ಸಹಿ ಹಾಕಿದ್ದು ಯಾರೆಂದು ನೀವು ಕಂಡಿರಾ ಎಂದು ಕೇಳಿದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಪುಷ್ಪಾವತಿ ಬೈದಳು.

ಮೊನ್ನೆ ಹದಿನಾಲ್ಕಕ್ಕೆ ಪುನಃ ಬಂದರು, ಜೊತೆಗೆ ಇನ್ನೊಬ್ಬ ಅಧಿಕಾರಿ. ಶೇಖರ ಒಳಬಾಗಿಲ ಹತ್ತಿರ ನಿಂತು ಮೆಲ್ಲ ಹೇಳಿದರು, “ಸಫಿಯಮ್ಮ, ಒಂದು ನಿಮಿಷ ಬಾಗಿಲಿಗೆ ಬನ್ನಿ. ನಾವು ಮುಖ ನೋಡುವುದಿಲ್ಲ. ಕೈ ಕಂಡರೆ ಸಾಕು.”

ಪುಷ್ಪಾವತಿ ನನ್ನ ಭುಜ ಹಿಡಿದು ಎಬ್ಬಿಸಲಿಕ್ಕೆ ನೋಡಿದಳು. ಅವಳನ್ನು ದೂಡಿದೆ. ಮೇ ಹದಿನೆಂಟರವರೆಗೆ ಸಮಯ ಕೊಡಿ ಎಂದು ಅವಳಿಂದಲೇ ಹೇಳಿಸಿದೆ. ಏಪ್ರಿಲ್ ಕೊನೆಗೆ ಫೈಲು ಮುಗಿಯಬೇಕು, ಆಗುವುದಿಲ್ಲ ಎಂದರು ಇನ್ನೊಬ್ಬರು. ಅವರು ಅರ್ಧ ಗಂಟೆ ಜಗಲಿಯಲ್ಲಿ ಕಾದರು. ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ನೀನು ಕೇಳುತ್ತೀ. ಅವರನ್ನು ಕಾಗದದಲ್ಲಿ ಕೊಂದವಳು ನಾನು. ಕೋಣೆಗಳಿಗೋಸ್ಕರ ಕೊಂದೆ. ಕೋಣೆಗಳಿಗೋಸ್ಕರ ಇದ್ದತ್ತನ್ನೂ ಮುರಿದರೆ, ನಾನು ಅವರಿಗೆ ಹೆಂಡತಿಯಾಗಿದ್ದೆ ಎಂಬುದಕ್ಕೆ ಎಂತ ಉಳಿಯಿತು? ಅಷ್ಟಾದರೂ ಸರಿಯಾಗಿ ಮಾಡುವ ಎಂದು ಕೂತೆ.

ಲೈಸನ್ಸುದಾರರು ಗೈರುಹಾಜರು ಎಂದು ಬರೆದು ಅರ್ಜಿ ವಜಾ ಮಾಡಿದರು. ಮೇಲಿನ ಕೋಣೆಗಳಿಗೆ ಸೀಲು ಬಿತ್ತು. ಮಗುವಿನ ಹಾರ್ಟ್ ಆಪರೇಶನ್ನಿಗೆ ಬಂದಿದ್ದ ಒಬ್ಬಳು ಗಂಟುಮೂಟೆ ಹಿಡಿದು ಇಳಿಯುವುದು ಒಳಗಿನಿಂದ ಕೇಳಿಸಿತು. ಅವಳ ಹೆಸರನ್ನು ಇನ್ನೂ ಕೇಳಿರಲಿಲ್ಲ.

ನಿನ್ನ ಉಮ್ಮ
ಸಫಿಯಮ್ಮ

* * *

ಮನಾಮ
6 ಮೇ 1983

ಬಾಪನಿಗೆ,

ನಿಮ್ಮ ಅಂಗಡಿ ಮುಚ್ಚಿದೆ. ಮೇಲಿನ ಮನೆಯಲ್ಲೂ ಯಾರಿಲ್ಲ. ಎಲ್ಲಿಗೆ ಹೋದರೆಂದು ಪಕ್ಕದವರಿಗೂ ಗೊತ್ತಿಲ್ಲ. ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ.

ಬನ್ನಂಜೆಯ ಮನೆಯ ಒಳಕೋಣೆಯಲ್ಲಿ ನಿಮ್ಮ ಹೆಂಡತಿ ಬಿಳಿ ಬಟ್ಟೆ ಉಟ್ಟು ನಿಮಗೋಸ್ಕರ ಇದ್ದತ್ ಕೂತಿದ್ದಾರೆ. ಎದ್ದು ಬಾಗಿಲಿಗೆ ಬಂದಿದ್ದರೆ ಬದುಕು ಉಳಿಯುತ್ತಿತ್ತು. ನಿಮ್ಮ ಮರ್ಯಾದೆಗೆಂದು ಏಳಲಿಲ್ಲ. ಕೋಣೆಗಳು ಹೋದವು. ನೀವು ಗಟ್ಟಿ ಹೆಂಗಸು ಎಂದಿರಿ, ನಿಜ.

ನಾನು ಒಂದು ಸಾಲು ಬರೆದಿದ್ದರೆ ಅವರು ಅಂದೇ ಏಳುತ್ತಿದ್ದರು. ಆಮೇಲೆ ಸುಳ್ಳು ಪ್ರಮಾಣದ ಕೇಸು, ನೀವು, ಈ ಮಕ್ಕಳು ಎಲ್ಲ ಅವರ ತಲೆಯ ಮೇಲೆ ಬೀಳುತ್ತಿತ್ತು. ಮೂರು ಸಲ ಬರೆಯಲು ಕೂತೆ. ಬರೆಯಲಿಲ್ಲ. ಈಗ ನಾನೂ ನಿಮ್ಮ ಕಡೆಯವಳೇ ಆದೆ, ಅದೇ ನನಗೆ ಹೇಸಿಗೆ.

ಹಲೀಮಾ

* * *

ಬನ್ನಂಜೆ
24 ಮೇ 1983

ಹಲೀಮಾಳಿಗೆ ಉಮ್ಮನ ಸಲಾಮು.

ಇದ್ದತ್ ಮುಗಿಯಿತು. ಮಿಂದು ಬಿಳಿ ಬಟ್ಟೆ ತೆಗೆದಿಟ್ಟೆ. ಮರುದಿನ ಪುತ್ತುಬ್ಬನ ಜೊತೆ ಕಚೇರಿಗೆ ಹೋಗಿ, ಈಗ ನಾನೇ ಎದುರಿಗೆ ನಿಂತಿದ್ದೇನೆ, ನೋಡಿಕೊಳ್ಳಿ ಎಂದೆ. ಶೇಖರ ತಲೆ ತಗ್ಗಿಸಿ, ಒಮ್ಮೆ ವಜಾ ಆದರೆ ಮೂರು ವರ್ಷ ಪುನಃ ಅರ್ಜಿ ಹಾಕುವಂತಿಲ್ಲ ಎಂದು ನಿಯಮ ಓದಿ ಹೇಳಿದರು. ನನಗಿಂತ ಅವರಿಗೇ ಬೇಸರವಾದ ಹಾಗೆ ಕಂಡಿತು.

ಬರುವ ವಾರ ಕಾಪುವಿಗೆ ಹೋಗುತ್ತೇನೆ. ಈ ಮನೆಯನ್ನು ಪುತ್ತುಬ್ಬ ಯಾರಿಗೋ ಗೋಡೌನಿಗೆ ಗೊತ್ತು ಮಾಡಿದ್ದಾನೆ. ಪುಷ್ಪಾವತಿ ದಿನಾ ಬಂದು ಅಳುತ್ತಾಳೆ, ಅವಳನ್ನು ಸಮಾಧಾನ ಮಾಡುವುದೇ ನನಗೊಂದು ಕೆಲಸ.

ನೀನು ಬೇಸರಿಸಬೇಡ. ಒಂದು ಒಳ್ಳೆಯದಾಯಿತು. ಎಂಟು ವರ್ಷ ಬೆಳಿಗ್ಗೆ ಎದ್ದರೆ ನನಗೆ ನಿನ್ನ ಬಾಪನ ಮೇಲೆ ಸಿಟ್ಟು. ಮರೆತರು, ಬಿಟ್ಟರು, ಇನ್ನೊಬ್ಬಳನ್ನು ಕಟ್ಟಿಕೊಂಡರು ಎಂದು ಎಷ್ಟು ಶಾಪ ಹಾಕಿದೆನೋ ದೇವರಿಗೇ ಗೊತ್ತು. ಈ ನಾಲ್ಕು ತಿಂಗಳು ಕೂತು ಯೋಚಿಸಿದಾಗ ನೀನು ಬರೆದ ಜ್ವರದ ಮಾತು ನಿಜವೇ ಇರಬೇಕು ಎನಿಸಿತು. ಬದುಕಿದ್ದರೆ ಬರೆಯದೆ ಇರುವ ಮನುಷ್ಯರಲ್ಲ ಅವರು. ಪಾಪ, ಸತ್ತವರ ಮೇಲೆ ಸಿಟ್ಟು ಮಾಡಿದೆನಲ್ಲ. ಮದುವೆಯಲ್ಲಿ ಅವರು ನನಗೆ ಕೊಡಬೇಕಿದ್ದ ಮಹರ್ ಹಣ ಬಾಕಿ ಇತ್ತು, ಅದನ್ನೂ ಬಿಟ್ಟುಕೊಟ್ಟೆ. ತಪ್ಪಿದ್ದರೆ ಎಲ್ಲ ಮಾಫ್ ಮಾಡಿದೆ.

ನಿನ್ನನ್ನು ಎರಡೇ ಕೇಳುತ್ತೇನೆ. ಅವರನ್ನು ಎಲ್ಲಿ ಮಣ್ಣು ಮಾಡಿದರು? ಕೊನೆಗೆ ಬಾಯಿಗೆ ನೀರು ಬಿಟ್ಟವರು ಯಾರಾದರೂ ಇದ್ದರೇ? ಇದ್ದರೆ ಅವರ ಹೆಸರು ಬರೆ. ನಾನು ಮಾಡಬೇಕಾದ ಕೆಲಸವನ್ನು ಮಾಡಿದವರು. ನಮಾಜಿನಲ್ಲಿ ಅವರಿಗಾಗಿ ದುವಾ ಮಾಡಬೇಕು.

ನಿನ್ನ ಉಮ್ಮ
ಸಫಿಯಮ್ಮ

* * *

ಮನಾಮ
18 ಜೂನ್ 1983

ಪ್ರೀತಿಯ ಉಮ್ಮನಿಗೆ ಸಲಾಮು.

ನಿನ್ನೆ, ರಂಜಾನ್ ನೋಂಬಿನ ಮೊದಲ ಶುಕ್ರವಾರ, ನಾವಿಬ್ಬರೂ ಖಬರಸ್ಥಾನಕ್ಕೆ ಹೋಗಿದ್ದೆವು. ಕಾಯುವ ಮುದುಕರು ಹಳೆಯ ರಿಜಿಸ್ಟರು ತೆಗೆದು ಬೆರಳಿಟ್ಟು ಹುಡುಕಿದರು. ಸಿಕ್ಕಿತು. ‘ಮೂಸಾ, ಉಡುಪಿ, ನವೆಂಬರ್ 1974’ ಎಂದು ಬರೆದಿದೆ.

ನಾನು ಗೇಟಿನ ಬಳಿ ನಿಂತೆ, ನಿಮ್ಮ ಅಳಿಯ ಒಳಗೆ ಹೋದರು. ಗೋಡೆಯ ಹತ್ತಿರದ ಸಾಲಿನಲ್ಲಿದೆ. ತಲೆಯ ಕಡೆ ಒಂದು ಕಲ್ಲು, ಹೆಸರಿಲ್ಲ, ಇಲ್ಲಿ ಯಾರಿಗೂ ಹೆಸರು ಬರೆಯುವುದಿಲ್ಲ. ಇಷ್ಟು ವರ್ಷ ಆ ಕಲ್ಲಿನ ಹತ್ತಿರ ಯಾರೂ ಬಂದದ್ದಿಲ್ಲವಂತೆ. ನಿಮ್ಮ ಅಳಿಯ ಯಾಸೀನ್ ಸೂರಾ ಓದಿದರು. ನಾನು ಹೊರಗಿನಿಂದಲೇ ಅತ್ತೆ. ಅಲ್ಲಿ ಮಲಗಿರುವವರಿಗಾಗಿ ನಿಜವಾಗಿ ಅತ್ತೆ, ಉಮ್ಮ.

ನೀವು ಕೇಳಿದ ಇನ್ನೊಂದು ಮಾತು. ಹೌದು, ಹತ್ತಿರ ಒಬ್ಬರಿದ್ದರು, ನಮ್ಮ ಊರ ಕಡೆಯವರೇ. ಜ್ವರದ ಒಂಬತ್ತು ದಿನವೂ ಬಳಿಯಲ್ಲಿದ್ದರು. ಕೊನೆಯ ನೀರು ಬಿಟ್ಟವರೂ ಅವರೇ, ರಿಜಿಸ್ಟರಿನಲ್ಲಿ ಹೆಸರು ಬರೆಸಿದವರೂ ಅವರೇ. ಈಗ ಎಲ್ಲಿದ್ದಾರೆಂದು ಯಾರಿಗೂ ತಿಳಿಯದು.

ಅವರ ಹೆಸರು ಕುಂಞಿ ಮೊಹಮ್ಮದ್. ದುವಾ ಮಾಡಿ.

ನಿಮ್ಮ ಮಗಳು
ಹಲೀಮಾ